ಅಮಾಸಿ ಮರುದಿನ ಕೆಡುವ ಕಾರು

ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿಯಲು ಕೂತವರೆಲ್ಲ ಮೆಕ್ಯಾನಿಕ್ಕುಗಳೇ. ನನ್ನ ಗ್ಯಾರೇಜಿನ ಎದುರಿಗೇ ಚಹಾದಂಗಡಿ. ನಾನು ಯಾವುದಾದರೂ ಗಾಡಿಯ ಬಾನೆಟ್ ಎತ್ತಿದೆನೆಂದರೆ ಅರ್ಧ ಕುಡಿದ ಕಪ್ಪು ಹಿಡಿದುಕೊಂಡೇ ನಾಲ್ಕು ಮಂದಿ ಬಂದು ಸುತ್ತ ನಿಲ್ಲುತ್ತಾರೆ. ಒಬ್ಬ ಕಾಯಿಲ್ ಅನ್ನುತ್ತಾನೆ, ಇನ್ನೊಬ್ಬ ಪಂಪ್ ಅನ್ನುತ್ತಾನೆ. ಆ ಹಳೇ ಕಾರು ಮೊದಲ ಸಲ ಕೆಟ್ಟು ಬಂದ ದಿನ ಮಾತ್ರ ನಾಲ್ವರೂ ಒಂದೇ ಮಾತು ಹೇಳಿದರು: ಪ್ಲಗ್ ವೈರು ಹೋಗಿವೆ, ಬದಲಿ ಮಾಡಿ ಕೈ ತೊಳಕೊ. ನನಗೆ ಮೈ ಉರಿಯಿತು. ಗಾಡಿಯನ್ನು ಮುಟ್ಟಿ ನೋಡದವರು, ಶಬ್ದ ಕೇಳದವರು, ನನ್ನ ಕಸುಬನ್ನು ನನಗೇ ಕಲಿಸಲು ಬಂದಿದ್ದರು.

ಅಳೆಯದೆ ಸಾಮಾನು ಬದಲಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ ಒಂದು ಕೆಟ್ಟರೆ ಇನ್ನೊಂದನ್ನು ಕಿತ್ತು ಎಸೆಯುವ ಮೆಕ್ಯಾನಿಕ್ಕುಗಳು ಬಾದಾಮಿಯಿಂದ ಬಾಗಲಕೋಟೆಯವರೆಗೆ ಸಾಲಾಗಿ ಇದ್ದಾರೆ. ನಾನು ಹಾಗಲ್ಲ ಅನ್ನುವ ಸೊಕ್ಕು ನನಗಿತ್ತು. ನನ್ನ ಹತ್ತಿರ ಒಳ್ಳೆಯ ಡಿಜಿಟಲ್ ಮೀಟರು ಇತ್ತು. ಅದು ಹೇಳಿದ್ದನ್ನು ನಾನು ಹೇಳುತ್ತಿದ್ದೆ.

ಕಾರು ಇಪ್ಪತ್ತು ವರ್ಷ ದಾಟಿದ್ದು. ನಾಲ್ಕು ಸಿಲಿಂಡರು, ಹಳೇ ಜಮಾನಾದ ಡಿಸ್ಟ್ರಿಬ್ಯೂಟರು, ಮೇಲೆ ನಾನೇ ಕೂಡಿಸಿಕೊಟ್ಟ ಗ್ಯಾಸ್ ಕಿಟ್. ಈಗಿನ ಗಾಡಿಗಳಲ್ಲಿ ಪ್ಲಗ್ಗಿನ ತಲೆಯ ಮೇಲೆಯೇ ಕಾಯಿಲ್ ಕೂತಿರುತ್ತದೆ, ವೈರಿನ ಗೊಡವೆಯೇ ಇಲ್ಲ. ಹಳೆಯದರಲ್ಲಿ ಹಾಗಲ್ಲ. ಕಾಯಿಲ್ಲಿನಲ್ಲಿ ಹುಟ್ಟಿದ ಸಾವಿರಾರು ವೋಲ್ಟಿನ ಕರೆಂಟು ಡಿಸ್ಟ್ರಿಬ್ಯೂಟರಿಗೆ ಬಂದು, ಅಲ್ಲಿಂದ ಬೆರಳು ಗಾತ್ರದ ನಾಲ್ಕು ರಬ್ಬರು ವೈರುಗಳಲ್ಲಿ ಸರದಿಯ ಪ್ರಕಾರ ನಾಲ್ಕು ಪ್ಲಗ್ಗಿಗೆ ಹೋಗಬೇಕು. ದಾರಿಯಲ್ಲಿ ಎಲ್ಲಿಯಾದರೂ ಕರೆಂಟು ಸೋರಿತೋ, ಆ ಸಿಲಿಂಡರು ಉರಿಯುವುದಿಲ್ಲ. ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಏರಿನಲ್ಲಿ ಉಸಿರು ಕಟ್ಟಿದಂತೆ ಜಗ್ಗುತ್ತದೆ.

ಕಾರಿನ ಮಾಲೀಕ ನಮ್ಮ ಕ್ರಾಸಿನಿಂದ ಮೂರು ಕಿಲೋಮೀಟರು ಒಳಗಿನ ಹಳ್ಳಿಯವನು. ಮೂವತ್ತೈದರ ಆಸುಪಾಸು, ಬಾಡಿಗೆ ಹೊಡೆಯುತ್ತಾನೆ. ಆದರೆ ಮಂಗಳವಾರ, ಶುಕ್ರವಾರ ಯಾರು ಕರೆದರೂ ಬಾಡಿಗೆಗೆ ಹೋಗುವುದಿಲ್ಲ. ಆ ಎರಡು ದಿನ ಅವನ ಅಕ್ಕನಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ಡಯಾಲಿಸಿಸ್. ಈ ಅಕ್ಕನನ್ನು ನಾನು ಬಲ್ಲೆ. ಕ್ರಾಸಿನ ಖಾನಾವಳಿಗಳಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವರು, ಕೈಕೆಳಗೆ ಆರು ಮಂದಿ ಹೆಂಗಸರನ್ನು ಇಟ್ಟುಕೊಂಡಿದ್ದವರು. ಎರಡೂ ಕಿಡ್ನಿ ಹೋದ ಮೇಲೆ ಬೆಂಕಿಯ ಮುಂದೆ ಕೂರುವುದು ಬಿಟ್ಟಿದ್ದರು. ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ತಾಸು ಆ ಮಷಿನ್ನಿಗೆ ರಕ್ತ ಕೊಟ್ಟು ತೊಳೆಸಿಕೊಂಡು ಬಂದರೆ ಮಾತ್ರ ಜೀವ. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಮೇಲಕ್ಕೆ ಬರುತ್ತದೆ. ಬಸ್ಸಿನಲ್ಲಿ ಹೋಗಬಾರದೇ ಅಂತ ಕೇಳುವವರಿದ್ದಾರೆ. ಡಯಾಲಿಸಿಸ್ ಮುಗಿದ ಮೇಲೆ ಬಿಪಿ ಇಳಿದು ಕಾಲು ನಡುಗುವ ಹೆಂಗಸು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರಬೇಕೇ? ಕೇಳುವವರಿಗೆ ಏನು, ನಾಲಿಗೆಗೆ ಎಲುಬಿಲ್ಲ.

ಮೊದಲ ಸಲ ಅವನು ಬಂದಾಗ ಹೇಳಿದ್ದು ಇಷ್ಟೇ: ಕೆರೂರು ದಾಟಿದ ಮೇಲಿನ ಏರಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯಿತು, ಎರಡು ಸಲ ಫಟ್ ಅಂದಿತು, ಇಪ್ಪತ್ತರ ವೇಗದಲ್ಲಿ ತೆವಳಿಕೊಂಡು ಹೋದೆವು. ನಾನು ನಾಲ್ಕೂ ವೈರು ಬಿಚ್ಚಿದೆ. ಮೀಟರಿನ ಒಂದು ಕಡ್ಡಿ ಈ ತುದಿಗೆ, ಇನ್ನೊಂದು ಆ ತುದಿಗೆ. ಉದ್ದನೆಯದು ಒಂಬತ್ತು ಸಾವಿರ ಓಮ್, ಗಿಡ್ಡದ್ದು ಐದು ಸಾವಿರ, ಇರಬೇಕಾದಷ್ಟೇ. ವೈರನ್ನು ಬಳುಕಿಸಿದರೂ ಅಂಕಿ ಅಲುಗಲಿಲ್ಲ. ಒಳಗಿನ ತಂತು ಮುರಿದಿಲ್ಲ ಅಂತ ಅದರ ಅರ್ಥ. ಚಹಾದಂಗಡಿಯ ನಾಲ್ವರಿಗೂ ಕೇಳುವ ಹಾಗೆ ಅಂಕಿ ಓದಿ ಹೇಳಿದೆ. ಪ್ಲಗ್ಗು ತೆಗೆದು ಉಜ್ಜಿ, ಗ್ಯಾಸ್ ಗಾಡಿಗೆ ಬೇಕಾದಷ್ಟು ಸಂದು ಬಿಗಿ ಮಾಡಿ ಕೂಡಿಸಿದೆ. ಚಾಲೂ ಮಾಡಿದರೆ ಎಂಜಿನ್ ತಕ್ಕಡಿ ಹಿಡಿದ ಹಾಗೆ ಅಲುಗದೆ ಓಡಿತು. ಮೂರು ವಾರ ಮೇಲಾದರೂ ಅವನು ಸುಳಿಯಲಿಲ್ಲ. ನೋಡಿದ್ರೇನ್ರಪ್ಪಾ ಅಂತ ನಾನು ಚಹಾದವರನ್ನು ಸಾಕುಸಾಕಾಗುವಷ್ಟು ಹಂಗಿಸಿದೆ.

ಎರಡನೇ ಸಲ ಬಂದಾಗ ಅವನ ಮುಖ ಸಣ್ಣದಾಗಿತ್ತು. ಅದೇ ಏರು, ಅದೇ ಮಿಸ್ಸಿಂಗ್. ಈ ಸಲ ಗಾಡಿ ನಿಂತೇಬಿಟ್ಟಿತ್ತು. ಅರ್ಧ ತಾಸು ಬಿಟ್ಟು ಚಾಲೂ ಆಯಿತು. ದವಾಖಾನೆ ಮುಟ್ಟಿದಾಗ ತಡವಾಗಿತ್ತು, ಮುಂದಿನ ಸರದಿಯವರು ಕಾಯುತ್ತಿದ್ದರು, ನಾಲ್ಕು ತಾಸಿನ ಬದಲು ಎರಡೂವರೆ ತಾಸಿಗೇ ಅಕ್ಕನನ್ನು ಮಷಿನ್ನಿನಿಂದ ಬಿಡಿಸಿದ್ದರು. ಅವನು ನನ್ನ ಮೇಲೆ ಕೂಗಾಡಲಿಲ್ಲ. ತಲೆ ತಗ್ಗಿಸಿಕೊಂಡು, ಹೋದ ಸಲ ಅಮಾಸಿ ಮರುದಿನವೇ ಹಿಂಗಾಗಿತ್ತು, ಈ ಸಲವೂ ಅಮಾಸಿ ಬೆನ್ನಿಗೇ ಆಯಿತು, ಅಮಾಸಿ ಏನಾದರೂ ಕಾಡುತ್ತಿದೆಯೋ ಏನೋ ಅಂದ.

ನನಗೆ ಎಲ್ಲಿತ್ತೋ ಸಿಟ್ಟು. "ಎಂಜಿನ್ನಿಗೆ ಪಂಚಾಂಗ ಓದಾಕ ಬರೂದಿಲ್ಲೋ ತಮ್ಮಾ" ಅಂದೆ. ಅವನು ಆಸೆಯಿಂದ ಹೇಳಿದ ಒಂದು ಸುಳಿವನ್ನು ನಾನೇ ಕಾಲಿನಿಂದ ಒದ್ದು ಆಚೆ ಹಾಕಿದೆ. ರೋಗ ಎಂಥದ್ದು ಅಂತ ತಿಳಿಯಬೇಕಾದರೆ ಅದು ಯಾವಾಗ ಬರುತ್ತದೆ ಅನ್ನುವುದು ಮೊದಲನೇ ಪ್ರಶ್ನೆ, ಅದನ್ನು ಹುನಗುಂದದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಕಸುಬು ಕಲಿಯುವಾಗಲೇ ಇಳಕಲ್ಲಿನ ನನ್ನ ಉಸ್ತಾದರು ತಲೆಗೆ ಕುಟ್ಟಿ ಕುಟ್ಟಿ ಹೇಳಿದ್ದರು. ಅವತ್ತು ಅದು ನೆನಪಾಗಲಿಲ್ಲ. ಮತ್ತೆ ಮೀಟರು ಹಿಡಿದೆ. ಅದೇ ಒಂಬತ್ತು ಸಾವಿರ, ಅದೇ ಐದು ಸಾವಿರ. ವೈರು ಬರೋಬ್ಬರಿ ಇವೆ ಅಂದೆ. ಡಿಸ್ಟ್ರಿಬ್ಯೂಟರಿನ ಕ್ಯಾಪು ಉಜ್ಜಿ, ಒಳಗಿನ ರೋಟರು ಹೊಸದು ಹಾಕಿ, ಗ್ಯಾಸಿನ ಫಿಲ್ಟರು ಬದಲಿಸಿ ಕಳಿಸಿದೆ. ಅಳೆಯದೆ ಬದಲಿಸುವವರನ್ನು ಬೈಯುವ ನಾನೇ ರೋಟರನ್ನು ಅಳೆಯದೆ ಬದಲಿಸಿದ್ದೆ ಅನ್ನುವುದು ಆಗ ಹೊಳೆಯಲೂ ಇಲ್ಲ. ವೈರಿನ ಬಗ್ಗೆ ಮಾತ್ರ ಹಟ. ಚಹಾದಂಗಡಿಯವರ ಮಾತು ಖರೆ ಆಗಬಾರದು, ಅಷ್ಟೇ ನನ್ನ ಹಟ.

ಮೂರನೇ ಅಮಾಸಿ ಸೋಮವಾರ ಬಂತು. ಮಂಗಳವಾರ ಬೆಳಿಗ್ಗೆ ಕಾರು ಕೆರೂರಿನ ಆಚೆಯ ಏರಿನ ನಡುವೆ ನಿಂತಿತು. ಎಷ್ಟು ಸೆಲ್ಫ್ ಹೊಡೆದರೂ ಎತ್ತಿಕೊಳ್ಳಲಿಲ್ಲ. ಕೈ ಅಡ್ಡ ಹಿಡಿದರೂ ಏರಿನಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ. ಒಂದೂವರೆ ತಾಸಿನ ಮೇಲೆ ಯಾರೋ ಪುಣ್ಯಾತ್ಮನ ಟಂಟಂ ಆಟೋ ಸಿಕ್ಕಿ, ಅದರಲ್ಲಿ ಕುಲುಕಾಡಿಕೊಂಡು ದವಾಖಾನೆ ಮುಟ್ಟಿದರೆ ಅಕ್ಕನ ಸರದಿ ಹೋಗಿತ್ತು, ಮಷಿನ್ನು ಬೇರೆಯವರಿಗೆ ಹಚ್ಚಿದ್ದರು. ನಾಳೆ ಬನ್ನಿ ಅಂದರಂತೆ. ಊರಿಗೆ ಮರಳಿದ ಮೇಲೆ ಸಂಜೆಗೆ ಅಕ್ಕನಿಗೆ ಉಸಿರು ಸಿಗಲಿಲ್ಲ. ಆಂಬುಲೆನ್ಸಿನಲ್ಲಿ ಆಕ್ಸಿಜನ್ ಹಚ್ಚಿಕೊಂಡು ಅದೇ ಏರು ಹತ್ತಿ ಬಾಗಲಕೋಟೆಗೆ ಹೋದರು. ಇದನ್ನೆಲ್ಲ ನನಗೆ ಹೇಳಿದ್ದು ಚಹಾದಂಗಡಿಯವನು. ಹೇಳುವಾಗ ಅವನು ವೈರಿನ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಬುಧವಾರ ಬಸ್ಸು ಹಿಡಿದು ಬಾಗಲಕೋಟೆಗೆ ಹೋದೆ. ಐಸಿಯುವಿನ ಬಾಗಿಲ ಗಾಜಿನಲ್ಲಿ ಅಕ್ಕನ ಕಾಲು ಮಾತ್ರ ಕಾಣುತ್ತಿತ್ತು, ಬಾತುಕೊಂಡು ಹೊಳೆಯುತ್ತಿತ್ತು. ತಮ್ಮ ಹೊರಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಬೈಯಲಿ, ಕೊರಳಪಟ್ಟಿ ಹಿಡಿಯಲಿ ಅಂತಲೇ ನಾನು ಹೋಗಿದ್ದು.

"ನೀವು ಅಳದು ನೋಡಿ ಬರೋಬ್ಬರಿ ಐತಿ ಅಂದಿದ್ರೆಲ್ರೀ ಅಣ್ಣಾರ" ಅಂದ. ಅಷ್ಟೇ ಅಂದ.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಲ್ಲು ಕಡಿಯುತ್ತ ಬಂದೆ. ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಗಾಡಿಯ ಮೇಲೆ, ಮೀಟರಿನ ಮೇಲೆ, ನಿಲ್ಲದ ಬಸ್ಸುಗಳ ಮೇಲೆ, ಸರದಿ ದಾಟಿಸಿದ ದವಾಖಾನೆಯವರ ಮೇಲೆ. ನನ್ನ ಮೇಲೆ ಅಂತ ಒಪ್ಪಿಕೊಳ್ಳಲು ಇನ್ನೂ ಒಂದು ದಿನ ಬೇಕಾಯಿತು. ಕೆರೂರಿನಲ್ಲಿ ಇಳಿದು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ, ಏರಿನಲ್ಲೇ ನಿಂತಿದ್ದ ಕಾರನ್ನು ಎಳೆದು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆ.

ಗುರುವಾರ ಮಧ್ಯಾಹ್ನ ಮೀಟರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ. ಸ್ಟೂಲಿನ ಮೇಲೆ ಕೂತು ಕಾರನ್ನೇ ನೋಡುತ್ತ ಯೋಚಿಸಿದೆ. ಸಪಾಟು ನೆಲದಲ್ಲಿ ಸುಮ್ಮನೆ ನಿಂತಾಗ ಚೆನ್ನಾಗಿ ಓಡುತ್ತದೆ, ಏರಿನಲ್ಲಿ ಕೆಡುತ್ತದೆ. ಏರಿನಲ್ಲಿ ಎಂಜಿನ್ ದುಡಿಯಬೇಕು, ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಆ ಒತ್ತಡದಲ್ಲಿ ಪ್ಲಗ್ಗು ಕಿಡಿ ಹಾರಿಸಲು ಕರೆಂಟಿಗೆ ಹೆಚ್ಚು ಜೋರು ಬೇಕು. ಪೆಟ್ರೋಲಿಗಿಂತ ಗ್ಯಾಸಿಗೆ ಇನ್ನೂ ಜಾಸ್ತಿ. ಜೋರು ಹೆಚ್ಚಾದಾಗ ಕರೆಂಟು ಸುಲಭದ ದಾರಿ ಹುಡುಕುತ್ತದೆ. ವೈರಿನ ಒಳಗಿನ ತಂತು ಗಟ್ಟಿಯಿದೆ ಅಂತ ಮೀಟರು ಹೇಳಿದ್ದು ಸುಳ್ಳಲ್ಲ. ಹೊರಗಿನ ರಬ್ಬರು ಗಟ್ಟಿಯಿದೆಯೇ ಅಂತ ನಾನು ಅದನ್ನು ಕೇಳಿಯೇ ಇರಲಿಲ್ಲ. ಒಂಬತ್ತು ವೋಲ್ಟಿನ ಸೆಲ್ಲಿನ ಮೀಟರು ಸಾವಿರಾರು ವೋಲ್ಟಿನ ಸೋರಿಕೆಯನ್ನು ಎಲ್ಲಿಂದ ತೋರಿಸಬೇಕು? ಅದನ್ನು ನೋಡಬೇಕಾದದ್ದು ಕಣ್ಣಿನಿಂದ, ಕತ್ತಲಲ್ಲಿ. ಉಸ್ತಾದರು ಮಾಡಿ ತೋರಿಸಿದ್ದ ವಿದ್ಯೆ. ಡಿಜಿಟಲ್ ಮೀಟರು ತಂದ ಮೇಲೆ ಅದನ್ನು ಬಿಟ್ಟಿದ್ದೆ.

ಶಟರು ಎಳೆದೆ. ಆದರೂ ಬಿಸಿಲಿನ ಬೆಳಕು ಸಂದಿನಿಂದ ಬರುತ್ತಿತ್ತು. ಮನೆಯಿಂದ ಕರೀ ಕಂಬಳಿ ತರಿಸಿ, ಬಾನೆಟ್ಟಿನ ಮೇಲಿಂದ ನನ್ನ ತಲೆಯ ಮೇಲೆ ಇಳಿಬಿಟ್ಟುಕೊಂಡು, ಗ್ಯಾರೇಜಿನ ಹುಡುಗನಿಂದ ಸೆಲ್ಫ್ ಹೊಡೆಸಿದೆ. ಎರಡು ದಿನ ಸುಮ್ಮನೆ ನಿಂತಿದ್ದಕ್ಕೋ ಏನೋ, ಗಾಡಿ ಎತ್ತಿಕೊಂಡಿತು. ಬೇಸಿಗೆಯ ಮಧ್ಯಾಹ್ನ, ಬಿಸಿ ಎಂಜಿನ್ನು, ಮೇಲೆ ಕಂಬಳಿ. ಬೆವರು ಕಣ್ಣಿಗೆ ಇಳಿಯಿತು. ಏನೂ ಕಾಣಲಿಲ್ಲ. ಗಿಡಕ್ಕೆ ನೀರು ಹೊಡೆಯುವ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಷ್ಟು ನೀರು ಹೊಡೆದು, ಕೈಯಿಂದಲೇ ಥ್ರಾಟಲ್ ಒಮ್ಮೆಲೇ ಜಗ್ಗಿದೆ.

ಎಂಜಿನ್ನು ಗಕ್ಕೆಂದು ಜಗ್ಗಿತು. ನಾಲ್ಕೂ ವೈರುಗಳ ಮೇಲೆ ನೀಲಿ ಬೆಳಕು ಹರಿದಾಡಿತು. ಸುಮ್ಮನೆ ಎಲ್ಲೆಂದರಲ್ಲಿ ಅಲ್ಲ. ಪ್ರತಿ ವೈರಿನ ಮೇಲೂ ಮೂರು ಗೆರೆ, ಪಕ್ಕ ಪಕ್ಕ, ಬೆರಳಿನಿಂದ ಎಳೆದ ಹಾಗೆ. ಆ ಗೆರೆಗಳಿಂದ ಕಿಡಿ ಚಿಟಿಚಿಟಿ ಅಂತ ಎಂಜಿನ್ನಿನ ಕಬ್ಬಿಣಕ್ಕೆ ಹಾರುತ್ತಿತ್ತು. ನೋಡುತ್ತಿದ್ದ ಹಾಗೇ ನನ್ನ ಕೈ ಥ್ರಾಟಲ್ ಬಿಟ್ಟಿತು.

ವಿಭೂತಿ.

ವೈರು ಬಿಚ್ಚಿ ಬೆಳಕಿಗೆ ತಂದೆ. ತಿಂಗಳು ತಿಂಗಳು ಹಚ್ಚಿದ ವಿಭೂತಿ ಪದರುಗಟ್ಟಿತ್ತು. ಒರೆಸಿದರೆ ಅದರ ಕೆಳಗೆ ರಬ್ಬರಿನ ಮೇಲೆ ಕೂದಲೆಳೆಯಂಥ ಕರೀ ಸುಟ್ಟ ಗೆರೆಗಳು, ನಡುನಡುವೆ ಸೂಜಿಮೊನೆಯಂಥ ತೂತು. ಪ್ಲಗ್ಗು ಕೂರುವ ಗುಂಡಿಗಳಿಗೆ ಟಾರ್ಚು ಹಿಡಿದೆ. ತಳದಲ್ಲಿ ಅಂಟಂಟಾದ ಕಂದು ಕೊಚ್ಚೆ, ಅದರಲ್ಲಿ ಕುಂಕುಮ, ಒಂದು ಚೆಂಡು ಹೂವಿನ ಎಸಳು. ಬೆರಳಿಗೆ ಹಚ್ಚಿ ಮೂಸಿದರೆ ತೆಂಗಿನಕಾಯಿಯ ಹುಳಿ ವಾಸನೆ. ಅಮಾಸಿಗೆ ಅಮಾಸಿಗೆ ಗಾಡಿ ತೊಳೆದು, ವೈರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಎಂಜಿನ್ನಿನ ಮೇಲೇ ಸುರಿದಿದ್ದಾನೆ. ಉಪ್ಪು ಸೇರಿದ ನೀರು, ಅದರಲ್ಲಿ ನೆನೆದ ಬೂದಿ. ಹಸಿಯಿದ್ದಾಗ ಅದು ಕರೆಂಟಿಗೆ ರಾಜಮಾರ್ಗ. ನಾಲ್ಕು ದಿನದಲ್ಲಿ ಒಣಗಿದ ಮೇಲೆ ಗಾಡಿ ತಾನೇ ಸರಿಯಾಗುತ್ತದೆ, ನಾನು ಮೀಸೆ ತಿರುವುತ್ತೇನೆ. ಪ್ರತಿ ಸಲವೂ ರಬ್ಬರು ಇನ್ನಷ್ಟು ಸುಟ್ಟು, ಈ ಸಲ ಪೂರ್ತಿ ಸತ್ತಿದೆ.

ಸಿಟ್ಟಿನಿಂದ ನನ್ನ ತಲಿ ಕಡೆದ ಮಸರಗಡಗಿ ಆಯಿತು. ಅಕ್ಕನನ್ನು ಕೂರಿಸಿಕೊಂಡು ಹೋಗುವ ಗಾಡಿಯ ಎಂಜಿನ್ನಿಗೆ ಕಾಯಿನೀರು ಹೊಯ್ಯುವ ಮೂರ್ಖ ಎಲ್ಲಿಯಾದರೂ ಉಂಟೇ? ಸಂಜೆಗಿಂತ ಮೊದಲೇ ಅವನು ಬಂದ. ಅಕ್ಕನನ್ನು ಐಸಿಯುವಿನಿಂದ ವಾರ್ಡಿಗೆ ತಂದಿದ್ದಾರೆ, ಎರಡು ಸಲ ಮಷಿನ್ನು ಹಚ್ಚಿದ್ದಾರೆ ಅಂತ ಹೇಳಲು ಬಂದಿದ್ದ. ನಾನು ಅದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಸುಟ್ಟ ವೈರನ್ನು ಅವನ ಮುಖದ ಮುಂದೆ ಹಿಡಿದೆ.

"ಬುದ್ಧಿ ಐತೋ ಇಲ್ಲೋ ನಿನಗ? ಹಣಿಗೆ ಹಚ್ಚೂದನ್ನ ಕರೆಂಟಿನ ವೈರಿಗೆ ಯಾರರ ಹಚ್ಚತಾರೇನಲೇ?"

ಚಹಾದಂಗಡಿಯವರೆಲ್ಲ ಎದ್ದು ನಿಂತರು. ಅವನು ವೈರನ್ನು ನೋಡಿದ, ನನ್ನನ್ನು ನೋಡಿದ.

"ನೀವಽ ಹಚ್ಚಿದ್ರೆಲ್ರೀ ಅಣ್ಣಾರ" ಅಂದ. "ಗ್ಯಾಸ್ ಕಿಟ್ ಕೂಡಿಸಿದ ದಿನ. ಗಾಡಿ ಜೀವಾ ಈ ವೈರಿನ್ಯಾಗ ಐತಿ ಅಂತ ಹೇಳಿ, ಮೂರು ಬೆರಳಿಲೆ ನೀವಽ ಎಳದ್ರಿ. ಅಕ್ಕ ಕುಂದರೂ ಗಾಡಿ ಐತೆಲ್ರೀ, ಅದಕ್ಕ ನಾ ಒಂದು ಅಮಾಸಿ ಬಿಡದ ಹಚ್ಚಿನಿ."

ಹೌದು, ನಾನೇ ಹಚ್ಚಿದ್ದೆ. ಕೆಲಸ ಮುಗಿದ ಮೇಲೆ ಕಡೆಗೆ ಕೈಯಾಡಿಸಿದ ಸಾಮಾನಿಗೆ ವಿಭೂತಿ ಹಚ್ಚಿ ಚಾವಿ ಕೊಡುವುದು ನಮ್ಮಪ್ಪನ ಕಾಲದಿಂದ ನಮ್ಮ ರೂಢಿ. ಅಪ್ಪ ಕಮ್ಮಾರಿಕೆ ಮಾಡುತ್ತಿದ್ದ, ಕುಡಗೋಲಿಗೆ, ಕೊಡಲಿಗೆ ಹಚ್ಚುತ್ತಿದ್ದ. ಕುಡಗೋಲಿಗೆ ಏನಾಗಬೇಕು? ನಾನು ಎಷ್ಟು ಗಾಡಿಗಳಲ್ಲಿ ಎಲ್ಲೆಲ್ಲಿ ಹಚ್ಚಿದ್ದೇನೆ ಅಂತ ನನಗೇ ಲೆಕ್ಕವಿಲ್ಲ. ಒಣ ವಿಭೂತಿ ಒಂದು ಸಲ ಹಚ್ಚಿದರೆ ಉದುರಿ ಹೋಗುತ್ತದೆ. ಅವನು ಅದನ್ನು ವ್ರತದ ಹಾಗೆ ಹಿಡಿದ. ಅಕ್ಕನ ರೋಗ ಹೆಚ್ಚಾದಂತೆ ನೀರು, ಕುಂಕುಮ, ಹೂವು ಎಲ್ಲವೂ ಹೆಚ್ಚಾದವು. ಗಾಡಿ ಕೆಟ್ಟಷ್ಟೂ ಪೂಜೆ ಜೋರು, ಪೂಜೆ ಜೋರಾದಷ್ಟೂ ಗಾಡಿ ಕೆಡುವುದು ಜೋರು. ಎರಡು ಸಲ ವೈರು ಬಿಚ್ಚಿದಾಗ ಆ ಬಿಳಿ ಗೆರೆ ನನ್ನ ಕಣ್ಣೆದುರಿಗೇ ಇತ್ತು. ಭಕ್ತಿ ಅಂತ ತಿಳಿದು ಅದನ್ನು ಒರೆಸದೆ, ತುದಿಯ ಲೋಹಕ್ಕಷ್ಟೇ ಕಡ್ಡಿ ಹಚ್ಚಿ ಅಳೆದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಬೇರೆಯವರು. ಅದೇ ನನಗೆ ತಡೆಯಲಾಗಲಿಲ್ಲ.

ಅವನಿಗೆ ತಪ್ಪು ನನ್ನದು ಅಂತ ಹೇಳಿದೆ. ನಾಲ್ಕು ಮಂದಿಯ ಮುಂದೆಯೇ ಹೇಳಿದೆ. ಬೈದದ್ದು ಗಟ್ಟಿಯಾಗಿ, ತಪ್ಪೊಪ್ಪಿದ್ದು ಮೆಲ್ಲಗೆ ಅನ್ನುವ ಹಾಗೆ ಆಗಬಾರದು ಅಂತ ಅಷ್ಟೇ ಗಟ್ಟಿಯಾಗಿ ಹೇಳಿದೆ.

ಶುಕ್ರವಾರ ಬಾಗಲಕೋಟೆಯ ಅಂಗಡಿಯಲ್ಲಿ, ನಾಲ್ಕರಲ್ಲಿ ಹೆಚ್ಚು ಸುಟ್ಟ ಎರಡನ್ನೇ ಬದಲಿಸಿದರೆ ಸಾಕಲ್ಲ ಅಂದ ಅಂಗಡಿಯವನು. ಆ ಲೆಕ್ಕಕ್ಕೆ ನಾನು ಬೀಳಲಿಲ್ಲ. ಒಂದೇ ದಿನ ಕೂಡಿಸಿದ ವೈರು, ಒಂದೇ ಬಿಸಿಯಲ್ಲಿ ಬೆಂದವು, ಒಂದೇ ಬೂದಿ ತಿಂದವು. ಒಂದು ಸತ್ತರೆ ಉಳಿದವು ಸಾಯುವ ಸಾಲಿನಲ್ಲಿವೆ. ನಾಲ್ಕು ಪ್ಲಗ್ ವೈರು, ಕಾಯಿಲ್ಲಿನಿಂದ ಬರುವ ನಡುವಿನ ವೈರು, ಹೊಸ ಕ್ಯಾಪು, ನಾಲ್ಕು ಪ್ಲಗ್ಗು, ಒಟ್ಟಿಗೆ ತಂದೆ. ಗಜದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಬಿಡಿ ವೈರು ಬೇಡ ಅಂದೆ. ತುದಿಗೆ ಕಾರ್ಖಾನೆಯಲ್ಲೇ ರಬ್ಬರಿನ ಮುಚ್ಚಳ, ಅಂದರೆ ಬೂಟು, ಕೂಡಿಸಿ ಬಂದ ಸೆಟ್ಟೇ ಬೇಕು, ಗ್ಯಾಸಿನ ಜೋರು ತಡೆಯುವ ಸಿಲಿಕೋನ್ ರಬ್ಬರಿನದೇ ಬೇಕು ಅಂತ ಕೂತು ತರಿಸಿಕೊಂಡೆ.

ಶನಿವಾರ ಇಡೀ ದಿನ ಅದೊಂದೇ ಕೆಲಸ. ಪ್ಲಗ್ಗು ಬಿಚ್ಚುವ ಮೊದಲೇ ಗುಂಡಿಗಳಿಗೆ ಗಾಳಿ ಹೊಡೆದು, ಬಟ್ಟೆ ಸುತ್ತಿದ ಕಡ್ಡಿಯಿಂದ ಕೊಚ್ಚೆ ತೆಗೆದೆ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಒಂದು ಹಳೇ ವೈರು ತೆಗೆದು ಅದರ ಉದ್ದದ್ದೇ ಹೊಸದನ್ನು ಅದೇ ಜಾಗಕ್ಕೆ ಹಾಕಿದ ಮೇಲೆಯೇ ಎರಡನೆಯದನ್ನು ಮುಟ್ಟಿದೆ. ನಾಲ್ಕನ್ನೂ ಒಮ್ಮೆಲೇ ಕಿತ್ತರೆ ಸರದಿ ತಪ್ಪುತ್ತದೆ, ಗ್ಯಾಸಿನಲ್ಲಿ ಸರದಿ ತಪ್ಪಿದರೆ ಗಾಳಿ ಫಿಲ್ಟರಿನ ಡಬ್ಬಿ ಒಡೆಯುವ ಹಾಗೆ ಫಟ್ ಅನ್ನುತ್ತದೆ. ಬೂಟಿನ ಒಳಗೆ ಗ್ರೀಸು ಸವರಿ, ಟಕ್ ಅನ್ನುವ ತನಕ ಒತ್ತಿ, ವೈರುಗಳು ಒಂದಕ್ಕೊಂದು ತಾಗದಂತೆ, ಕಬ್ಬಿಣಕ್ಕೆ ಉಜ್ಜದಂತೆ ಕ್ಲಿಪ್ಪಿನಲ್ಲಿ ಕೂಡಿಸಿದೆ. ಮತ್ತೆ ಕಂಬಳಿ, ಮತ್ತೆ ನೀರು, ಮತ್ತೆ ಥ್ರಾಟಲ್. ಈ ಸಲ ಕಂಬಳಿಯೊಳಗೆ ಬರೀ ಕತ್ತಲು.

ಅಷ್ಟಕ್ಕೆ ಬಿಡಲಿಲ್ಲ. ಚಹಾದಂಗಡಿಯ ನಾಲ್ವರನ್ನೂ ಕರೆದು, ಬರ್ರಿ, ನಿಮ್ಮ ಮಾತೇ ಖರೆ ಆಯಿತು, ಈಗ ಭಾರಕ್ಕಾದರೂ ಉಪಯೋಗಕ್ಕೆ ಬರ್ರಿ ಅಂತ ಕಾರಿನಲ್ಲಿ ತುರುಕಿ, ಕೆರೂರಿನಾಚೆಯ ಏರು ಹತ್ತಿಸಿದೆ. ಐದು ಮಂದಿಯ ಭಾರದಲ್ಲಿ ಮೂರನೇ ಗೇರಿನಲ್ಲಿ ಕಾರು ಒಮ್ಮೆಯೂ ಜಗ್ಗದೆ ಮೇಲೆ ಹೋಯಿತು. ತಿರುಗಿಸಿ ಇಳಿದು ಮತ್ತೆ ಹತ್ತಿಸಿದೆ. ಎರಡನೇ ಸಲ ಅವರೂ ಮಾತು ನಿಲ್ಲಿಸಿ ಶಬ್ದ ಕೇಳಿದರು.

ಈಗ ಹಳೇ ಗಾಡಿಯ ಪ್ಲಗ್ ವೈರು ಯಾವಾಗ ಬದಲಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಕಿಲೋಮೀಟರಿನ ಅಂಕಿ ಹೇಳುವುದಿಲ್ಲ, ಮೀಟರಿನ ಅಂಕಿಯನ್ನೂ ಹೇಳುವುದಿಲ್ಲ. ಮೀಟರು ಕೆಟ್ಟಿದೆ ಅಂದರೆ ಕೆಟ್ಟಿದೆ, ಬದಲಿಸು. ಸರಿಯಿದೆ ಅಂದರೆ ಅಲ್ಲಿಗೆ ಮುಗಿಯಲಿಲ್ಲ, ಒರೆಸಿ ನೋಡು, ಬಗ್ಗಿಸಿ ಬಿರುಕು ನೋಡು, ಕತ್ತಲಲ್ಲಿ ನೀರು ಹೊಡೆದು ನೋಡು, ಭಾರ ಹಾಕಿ ಏರು ಹತ್ತಿಸು. ಒಂದರಲ್ಲಿ ಸೋತರೂ ಇಡೀ ಸೆಟ್ಟು ತೆಗೆ. ಗಾಡಿಯಲ್ಲಿ ಯಾರು ಕೂತುಕೊಳ್ಳುತ್ತಾರೆ ಅಂತ ಕೇಳು. ಇದನ್ನು ಇಷ್ಟು ನೆಟ್ಟಗೆ ಈಗ ಹೇಳುತ್ತೇನೆ. ಮೂರು ಅಮಾಸಿಯ ಹಿಂದೆ ಹೇಳಿದ್ದರೆ ಕಸುಬು ಗೊತ್ತಿದ್ದವನು ಅನ್ನಿಸಿಕೊಳ್ಳುತ್ತಿದ್ದೆ.

ಅಕ್ಕನನ್ನು ಭಾನುವಾರ ಮನೆಗೆ ಕಳಿಸಿದ್ದರು. ಮಂಗಳವಾರ ಬೆಳಿಗ್ಗೆ ದವಾಖಾನೆಗೆ ಹೋಗುವ ದಾರಿಯಲ್ಲಿ ಕಾರು ಗ್ಯಾರೇಜಿನ ಮುಂದೆ ನಿಂತಿತು. ಅವರು ಮುಂದಿನ ಸೀಟಿನಲ್ಲಿದ್ದರು, ಸೂಜಿ ಚುಚ್ಚುವ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಮುಖ ಇಳಿದುಹೋಗಿತ್ತು, ಹಣೆಯ ಮೇಲೆ ವಿಭೂತಿ ಮಾತ್ರ ಎಂದಿನಂತೆ ನೆಟ್ಟಗಿತ್ತು. ನಾನು ಕಿಟಕಿಯ ಹತ್ತಿರ ಹೋಗಿ, ಆದದ್ದೆಲ್ಲವನ್ನೂ ಹೇಳಿದೆ. ನನ್ನ ಬೆರಳಿನಿಂದಲೇ ಶುರುವಾದದ್ದು, ಮೀಟರು ಒಳಗಿನದ್ದನ್ನು ಅಳೆದದ್ದು, ರೋಗ ಹೊರಗೆ ಇದ್ದದ್ದು. ತಪ್ಪಾಯಿತು ಅಕ್ಕಾರ ಅಂದೆ.

"ನನಗೂ ಮೊದಲ ಹಿಂಗಽ ಅಂದಿದ್ರು" ಅಂದರು. "ಕಾಲು ಬಾತಾವ್ರಿ ಅಂತ ಹೋದೆ. ಡಾಕ್ಟರು ರಗತದ ಕಾಗದಾ ನೋಡಿ, ಸಕ್ಕರಿ ಬರೋಬ್ಬರಿ ಐತಿ, ಏನೂ ಆಗಿಲ್ಲ ಹೋಗ್ರಿ ಅಂದ್ರು. ಮೂರು ಸಲ ಹೋದೆ. ಮೂರು ಸಲಾನೂ ಕಾಗದಾ ನೋಡಿದ್ರು. ಕಾಲು ನೋಡಲಿಲ್ಲ."

ನಾನು ಕಿಟಕಿಯ ಅಂಚು ಹಿಡಿದುಕೊಂಡು ನಿಂತಿದ್ದೆ. ಸಿಟ್ಟು ಮಾಡುವುದಕ್ಕೂ ನನ್ನಲ್ಲಿ ಏನೂ ಉಳಿದಿರಲಿಲ್ಲ.

ಆ ಏರನ್ನು ನೀವು ಒಮ್ಮೆಯಾದರೂ ಹತ್ತಿದ್ದೀರೇನು ಅಂತ ಕೇಳಿದರು. ಮೊನ್ನೆ ಶನಿವಾರ ಎರಡು ಸಲ ಹತ್ತಿದೆ ಅಂದೆ.

"ನಾ ಇದ್ದಾಗ?"

ಇಲ್ಲ ಅಂದೆ.

"ಹಂ. ಇವತ್ತ ಕುಂದರ್ರಿ" ಅಂದರು.

ಗ್ಯಾರೇಜಿನ ಶಟರು ಎಳೆದು ಹಿಂದಿನ ಸೀಟಿನಲ್ಲಿ ಕೂತೆ. ತಮ್ಮ ಮೆಲ್ಲಗೆ ಓಡಿಸಿದ. ಕೆರೂರು ದಾಟಿತು. ಏರು ಶುರುವಾಗುತ್ತಿದ್ದ ಹಾಗೆ ಅವನು ಗೇರು ಇಳಿಸಿದ, ನಾನು ಕಿವಿ ನೆಟ್ಟು ಕೂತೆ. ಎಂಜಿನ್ನು ಒಂದೇ ಉಸಿರಿನಲ್ಲಿ ಎಳೆಯಿತು, ಒಂದು ಕಿಡಿಯೂ ತಪ್ಪಲಿಲ್ಲ. ಮೇಲೆ ಮುಟ್ಟಿದಾಗ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ನಾನೂ ನಗಬೇಕು ಅನ್ನುವಷ್ಟರಲ್ಲಿ ಅಕ್ಕನ ಬಲಗೈ ಕಾಣಿಸಿತು. ಡ್ಯಾಶ್‌ಬೋರ್ಡಿನ ಅಂಚನ್ನು ಹಿಡಿದಿತ್ತು. ಹಿಡಿದ ಬಿಗಿಗೆ ಬೆರಳ ತುದಿಗಳು ಬಿಳಿಚಿದ್ದವು.

ಏರು ಮುಗಿಯಿತು, ಇಳಿಜಾರು ಮುಗಿಯಿತು, ಗದ್ದನಕೇರಿ ಕ್ರಾಸೂ ಹೋಯಿತು. ಸಪಾಟು ರಸ್ತೆಯಲ್ಲಿ ಕಾರು ಹಾಯಾಗಿ ಓಡುತ್ತಿತ್ತು. ಕೈ ಅಲ್ಲೇ ಇತ್ತು. ಗಾಡಿ ಸರಿಯಾಗಿದೆ, ಬಿಡಿ ಅಕ್ಕಾರ ಅಂತ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಸರಿಯಾಗಿದೆ ಅಂತ ನಾನು ಮೊದಲೂ ಹೇಳಿದ್ದೆ.

ದವಾಖಾನೆಯ ಮುಂದೆ ತಮ್ಮ ಕಾರು ನಿಲ್ಲಿಸಿ ಚಾವಿ ತಿರುಗಿಸಿದ. ಎಂಜಿನ್ನು ನಿಂತ ಮೇಲೆ ಅವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.